ಐದು ಊರು, ಐದು ಜಗಳ: ಎಸ್. ಎಸ್. ವೆಸ್ಲಿ ಎಂಬ ಚರ್ಚ್ ಆರ್ಗನಿಸ್ಟ್

ಪ್ರಶ್ನೆ: ಮಗಳು ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ನೋಡಲು ಹೋದಾಗ ಅಲ್ಲಿನ ಕೆಥೆಡ್ರಲ್‌ನಲ್ಲಿ, ಅಂದರೆ ಬಿಷಪ್‌ರ ದೊಡ್ಡ ಚರ್ಚಿನಲ್ಲಿ, ಸಂಜೆಯ ಆರಾಧನೆಗೆ ಕೂತಿದ್ದೆವು. ಕ್ವಾಯರ್‌ನವರು (ಚರ್ಚಿನ ಹಾಡುಗಾರರ ತಂಡ) ಎಸ್. ಎಸ್. ವೆಸ್ಲಿ ಎಂಬುವನ ಹಾಡೊಂದನ್ನು ಹಾಡಿದರು, ಮೈ ಜುಮ್ಮೆಂದಿತು. ಈತ ಅಲ್ಲೇ ಆರ್ಗನಿಸ್ಟ್, ಅಂದರೆ ಕೊಳವೆಗಳ ದೊಡ್ಡ ಚರ್ಚ್ ವಾದ್ಯವಾದ ಆರ್ಗನ್ ನುಡಿಸುವವನು, ಆಗಿದ್ದನಂತೆ. ಮೆಥಡಿಸ್ಟ್ ವೆಸ್ಲಿಗೂ ಈತನಿಗೂ ಸಂಬಂಧ ಇದೆಯೇ? ಐದು ಊರುಗಳಲ್ಲಿ ಕೆಲಸ ಮಾಡಿ ಎಲ್ಲ ಕಡೆಯೂ ಜಗಳ ಮಾಡಿಕೊಂಡ ಎಂದು ಓದಿದೆ. ಅಷ್ಟು ಕೆಟ್ಟ ಸ್ವಭಾವದವನೇ? ಇಷ್ಟು ಪ್ರತಿಭೆ ಇದ್ದವನು ಲಂಡನ್ ಬಿಟ್ಟು ಸಣ್ಣ ಊರುಗಳಲ್ಲೇ ಯಾಕೆ ಉಳಿದ? ಈತನ ಸಂಗೀತವನ್ನು ಎಲ್ಲಿಂದ ಕೇಳಲು ಶುರು ಮಾಡಲಿ?

ಉತ್ತರ: ಮೊದಲು ಸುಲಭದ ಪ್ರಶ್ನೆ ಮುಗಿಸೋಣ. ಸಂಬಂಧ ಇದೆ, ಅದೂ ಹತ್ತಿರದ್ದೇ. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜಾನ್ ವೆಸ್ಲಿಯ ತಮ್ಮ ಚಾರ್ಲ್ಸ್ ವೆಸ್ಲಿ. ಸಾವಿರಾರು ಸ್ತುತಿಗೀತೆ ಬರೆದವನು. ಅವನ ಮಗ ಸ್ಯಾಮ್ಯುಯೆಲ್ ವೆಸ್ಲಿ ಆ ಕಾಲದ ಇಂಗ್ಲೆಂಡಿನ ದೊಡ್ಡ ಆರ್ಗನ್ ವಾದಕರಲ್ಲಿ ಒಬ್ಬ. ಆ ಸ್ಯಾಮ್ಯುಯೆಲ್‌ನ ಮಗನೇ ನೀವು ಕೇಳಿದ ಎಸ್. ಎಸ್., ಅಂದರೆ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ. ಹುಟ್ಟಿದ್ದು 1810ರ ಆಗಸ್ಟ್ 14, ಲಂಡನ್ನಿನಲ್ಲಿ.

ಆ 'ಸೆಬಾಸ್ಟಿಯನ್' ಬಂದದ್ದು ಜರ್ಮನ್ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನಿಂದ. ಅಪ್ಪನಿಗೆ ಬಾಖ್ ಎಂದರೆ ಹುಚ್ಚು. ಇಂಗ್ಲೆಂಡಿನಲ್ಲಿ ಬಾಖ್ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಅವನ ಪ್ರೆಲ್ಯೂಡ್ ಮತ್ತು ಫ್ಯೂಗ್ ಎಂಬ ಕೀಬೋರ್ಡ್ ಕೃತಿಗಳನ್ನು ಅಚ್ಚು ಹಾಕಿಸಿದವನು ಅವನು. ಆದರೆ ಮನೆಯ ವಿಷಯ ಅಷ್ಟು ನೇರವಾಗಿರಲಿಲ್ಲ. ಸ್ಯಾಮ್ಯುಯೆಲ್ ಹೆಂಡತಿಯನ್ನು ಬಿಟ್ಟು ಮನೆಗೆಲಸ ನೋಡಿಕೊಳ್ಳುತ್ತಿದ್ದ ಸಾರಾ ಸೂಟರ್ ಜೊತೆ ಸಂಸಾರ ಮಾಡುತ್ತಿದ್ದ. ಅವರಿಬ್ಬರಿಗೆ ಮದುವೆ ಆಗಿರಲಿಲ್ಲ. ಹೀಗಾಗಿ ಅಜ್ಜ, ದೊಡ್ಡಜ್ಜ ಇಬ್ಬರೂ ಹೆಸರಾಂತ ಪಾದ್ರಿಗಳಾಗಿದ್ದ ಕುಟುಂಬದಲ್ಲಿ ಈ ಹುಡುಗ ಕಾನೂನಿನ ಲೆಕ್ಕದಲ್ಲಿ ಅಕ್ರಮ ಸಂತಾನ. ಮುಂದೆ ಜೀವನಪೂರ್ತಿ ಪಾದ್ರಿಗಳ ಕೈಕೆಳಗೇ ಕೆಲಸ ಮಾಡಬೇಕಾದವನಿಗೆ ಇದು ಸಣ್ಣ ಹೊರೆ ಅಲ್ಲ.

ಬಾಲಕನಾಗಿದ್ದಾಗ ರಾಜಮನೆತನದ ಚಾಪೆಲ್ ರಾಯಲ್ ಕ್ವಾಯರ್‌ನಲ್ಲಿ ಹಾಡಿದ. ಹರೆಯದಲ್ಲೇ ಲಂಡನ್ನಿನ ಸುತ್ತಮುತ್ತಲ ಚರ್ಚುಗಳಲ್ಲಿ ಆರ್ಗನ್ ನುಡಿಸಿದ, ನಾಟಕಶಾಲೆಯಲ್ಲೂ ದುಡಿದ. ಆಮೇಲೆ 22ನೇ ವಯಸ್ಸಿಗೆ ಹೆರೆಫರ್ಡ್ ಕೆಥೆಡ್ರಲ್‌ನ ಆರ್ಗನಿಸ್ಟ್ ಆಗಿ ಹೊರಟ. ಅದು 1832. ಅಲ್ಲಿಂದ 1835ರಲ್ಲಿ ಎಕ್ಸೆಟರ್, 1842ರಲ್ಲಿ ಲೀಡ್ಸ್, 1849ರಲ್ಲಿ ವಿಂಚೆಸ್ಟರ್, 1865ರಲ್ಲಿ ಗ್ಲಾಸ್ಟರ್. ಗ್ಲಾಸ್ಟರ್‌ನಲ್ಲೇ 1876ರ ಏಪ್ರಿಲ್ 19ರಂದು ತೀರಿಕೊಂಡ. ನೀವು ಓದಿದ ಐದು ಊರುಗಳು ಇವೇ.

ಲಂಡನ್ ಯಾಕೆ ಬಿಟ್ಟ ಎಂದು ಕೇಳಿದ್ದೀರಿ. ಆ ಕಾಲದಲ್ಲಿ ಆರ್ಗನಿಸ್ಟ್‌ಗೆ ಖಾಯಂ ನೌಕರಿ, ಜೊತೆಗೊಂದು ಕ್ವಾಯರ್ ಬೇಕೆಂದರೆ ಕೆಥೆಡ್ರಲ್‌ಗೇ ಹೋಗಬೇಕು. ಕೆಥೆಡ್ರಲ್‌ಗಳು ಹೆಚ್ಚಾಗಿ ಇದ್ದದ್ದು ಹಳೆಯ ಸಣ್ಣ ಪಟ್ಟಣಗಳಲ್ಲಿ. ಬೆಳಿಗ್ಗೆ ಒಂದು, ಸಂಜೆ ಒಂದು ಹಾಡಿನ ಆರಾಧನೆ. ಸಂಬಳ ಸಾಲದು, ಅದಕ್ಕೇ ಊರಿನ ಸ್ಥಿತಿವಂತರ ಹೆಣ್ಣುಮಕ್ಕಳಿಗೆ ಪಿಯಾನೋ ಪಾಠ. ವೆಸ್ಲಿಗೆ ಈ ಪಾಠ ಹೇಳುವುದೆಂದರೆ ಮೈ ಉರಿಯುತ್ತಿತ್ತು. ತಪ್ಪಿಸಿಕೊಳ್ಳಲು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗೀತ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ, ಸಿಗಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ 1839ರಲ್ಲೇ ಸಂಗೀತದ ಡಾಕ್ಟರೇಟ್ ಪಡೆದಿದ್ದರೂ ಅದರಿಂದ ಹೊಟ್ಟೆಪಾಡಿಗೇನೂ ಸಹಾಯವಾಗಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಜಗಳಗಂಟನೇ ಎನ್ನುವುದು. ಹೌದು. ಮುಂಗೋಪಿ, ಯಾರನ್ನೂ ನಂಬದವನು, ಬರವಣಿಗೆಯಲ್ಲಿ ಚುಚ್ಚುವವನು. ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಆದರೆ 'ಸ್ವಭಾವ ಕೆಟ್ಟದ್ದು' ಎಂದು ಅಲ್ಲಿಗೇ ನಿಲ್ಲಿಸಿದರೆ ಅವನ ಸಂಗೀತವೂ ಅರ್ಧ ಮಾತ್ರ ಅರ್ಥವಾಗುತ್ತದೆ. ಅವನ ಜಗಳದ ಮೂಲ ಸಾಮಾನ್ಯವಾಗಿ ಒಂದೇ: ಇವತ್ತು ಹಾಡಲು ಎಷ್ಟು ಜನ ಬಂದಿದ್ದಾರೆ? ಅವನ ಒಳ್ಳೆಯ ಕೃತಿಗಳ ಆಕಾರಕ್ಕೂ ಎಷ್ಟೋ ಸಲ ಇದೇ ಕಾರಣ.

ಹೆರೆಫರ್ಡ್ ಉದಾಹರಣೆ ನೋಡಿ. ಕೆಥೆಡ್ರಲ್ ಕ್ವಾಯರ್‌ನಲ್ಲಿ ಮೇಲಿನ ಸ್ವರಕ್ಕೆ ಹುಡುಗರು. ಅವರನ್ನು ಟ್ರೆಬಲ್ ಎನ್ನುತ್ತಾರೆ. ಕೆಳಗಿನ ಸ್ವರಗಳಿಗೆ ಗಂಡಸರು. ಹೆರೆಫರ್ಡ್‌ನಲ್ಲಿ ಈ ಗಂಡಸರೆಲ್ಲ ದೀಕ್ಷೆ ಪಡೆದ ಪಾದ್ರಿಗಳು. ಅವರಿಗೆ ಅಕ್ಕಪಕ್ಕದ ಹಳ್ಳಿಗಳಲ್ಲಿ ಸ್ವಂತ ಚರ್ಚುಗಳೂ ಇದ್ದವು. ಹಾಗಾಗಿ ಈಸ್ಟರ್‌ನಂಥ ದೊಡ್ಡ ಹಬ್ಬದ ದಿನ ಕೆಥೆಡ್ರಲ್‌ನಲ್ಲಿ ಹಾಡಬೇಕಾದವರು ತಮ್ಮ ತಮ್ಮ ಹಳ್ಳಿಗಳಲ್ಲಿ ಉಪದೇಶ ಮಾಡುತ್ತಿರುತ್ತಿದ್ದರು. ವರ್ಷದ ಅತಿ ದೊಡ್ಡ ಹಬ್ಬ, ಕ್ವಾಯರ್ ಖಾಲಿ! ಒಂದು ಈಸ್ಟರ್‌ಗೆ ವೆಸ್ಲಿಗೆ ಉಳಿದದ್ದು ಹುಡುಗರು ಮತ್ತು ಒಂದೇ ಒಂದು ಬಾಸ್ ದನಿ, ಅಂದರೆ ತಗ್ಗಿನ ಗಂಡುದನಿ. ಇದನ್ನು ಅವನೇ ಮುಂದೆ ಅಚ್ಚಿನಲ್ಲಿ ಹೇಳಿಕೊಂಡಿದ್ದಾನೆ. ಆ ಒಬ್ಬ ಗಂಡಸು ಕೆಥೆಡ್ರಲ್‌ನ ಮುಖ್ಯ ಪಾದ್ರಿಯಾದ ಡೀನ್ ಸಾಹೇಬರ ಮನೆಯ ಬಟ್ಲರ್ ಎಂಬ ಮಾತು ಅಂದಿನಿಂದ ನಡೆದುಬಂದಿದೆ.

ಆ ದಿನಕ್ಕೆಂದು ಬರೆದದ್ದೇ 'ಬ್ಲೆಸ್ಡ್ ಬಿ ದ ಗಾಡ್ ಅಂಡ್ ಫಾದರ್'. ಇಂಥ ಕೃತಿಗೆ ಆಂಥಮ್ ಎನ್ನುತ್ತಾರೆ. ಆರಾಧನೆಯ ನಡುವೆ ಕ್ವಾಯರ್ ಹಾಡುವ ಕೃತಿ, ಸಭೆ ಹಾಡುವ ಸ್ತುತಿಗೀತೆ ಅಲ್ಲ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶುರುವಾಗುವುದು ಆರ್ಗನ್‌ನ ಅಬ್ಬರ ಇಲ್ಲದೆ, ಮೆಲ್ಲಗೆ. ಆಮೇಲೆ ಗಂಡಸರ ಒಂದೇ ಸಾಲು, ಎಲ್ಲರೂ ಒಂದೇ ಸ್ವರದಲ್ಲಿ ಮಾತಿನ ಹಾಗೆ ಹಾಡುವುದು. ಇಂದು ಹತ್ತು ಜನ ಹಾಡಬಹುದು, ಅಂದು ಒಬ್ಬನೇ ಸಾಕಿತ್ತು. ನಡುವಿನ ಭಾಗ ಪೂರ್ತಿ ಹುಡುಗರದ್ದು. ಒಬ್ಬ ಟ್ರೆಬಲ್ 'ಒಬ್ಬರನ್ನೊಬ್ಬರು ಪ್ರೀತಿಸಿರಿ' ಎಂಬ ಅರ್ಥದ ಸಾಲನ್ನು ಹಾಡುತ್ತಾನೆ, ಉಳಿದ ಹುಡುಗರು ಅವನಿಗೆ ಉತ್ತರ ಕೊಡುತ್ತಾರೆ. ಮತ್ತೆ ಗಂಡಸರ ಒಂಟಿ ಸಾಲು: ಮನುಷ್ಯರೆಲ್ಲ ಹುಲ್ಲಿನ ಹಾಗೆ, ಹುಲ್ಲು ಒಣಗುತ್ತದೆ, ಹೂವು ಉದುರುತ್ತದೆ. ಸದ್ದು ಅಡಗುತ್ತಾ ಬಂದು ಇನ್ನೇನು ನಿಂತಿತು ಎನ್ನುವಾಗ ಆರ್ಗನ್ ಇದ್ದಕ್ಕಿದ್ದಂತೆ ಪೂರ್ತಿ ಬಲದಲ್ಲಿ ಒಂದು ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ಹೊಡೆಯುತ್ತದೆ. ಮೊದಲ ಸಲ ಕೇಳುವವರು ಬೆಚ್ಚಿಬೀಳುತ್ತಾರೆ. ಅಲ್ಲಿಂದ ಇಡೀ ಕ್ವಾಯರ್ 'ಕರ್ತನ ಮಾತಾದರೋ ಸದಾಕಾಲ ಇರುವುದು' ಎಂದು ಓಟ ಶುರು ಮಾಡುತ್ತದೆ. ಮಾತುಗಳು ಪೇತ್ರನ ಮೊದಲ ಪತ್ರಿಕೆಯ ಮೊದಲ ಅಧ್ಯಾಯದವು.

ಜನ ಇಲ್ಲದ ಕಡೆ ಆರ್ಗನ್ ಮುಂದೆ ಬರುತ್ತದೆ, ಒಂಟಿ ದನಿಗೆ ಒಂಟಿ ಸಾಲು, ಹುಡುಗರಿಗೆ ಸಿಹಿಯಾದ ಭಾಗ. ಇಡೀ ಕೃತಿ ಹಾಜರಿ ಪುಸ್ತಕ ನೋಡಿ ಬರೆದಂತಿದೆ. ಆದರೆ ಕೇಳುವಾಗ ಎಲ್ಲೂ ಕೊರತೆ ಕಾಣುವುದಿಲ್ಲ, ಬೇಕೆಂದೇ ಮಾಡಿದ ನಾಟಕದಂತೆ ಕಾಣುತ್ತದೆ. ನನ್ನ ಮಟ್ಟಿಗೆ ವೆಸ್ಲಿಯ ಜಾಣ್ಮೆ ಪೂರ್ತಿ ಇಲ್ಲಿದೆ.

ಇದಕ್ಕೂ ಮೊದಲು, ಹೆರೆಫರ್ಡ್‌ಗೆ ಬಂದ ವರ್ಷವೇ, ದುರಸ್ತಿಯಾದ ಆರ್ಗನ್‌ನ ಉದ್ಘಾಟನೆಗೆ 'ದ ವಿಲ್ಡರ್ನೆಸ್' ಎಂಬ ಉದ್ದದ ಆಂಥಮ್ ಬರೆದಿದ್ದ. ಅದರಲ್ಲಿ ಕಾಲಿನಿಂದ ನುಡಿಸುವ ಪೆಡಲ್‌ಗಳಿಗೆ ಕೈಗೆ ಸಂಬಂಧವಿಲ್ಲದ ಸ್ವತಂತ್ರ ಕೆಲಸ ಇದೆ. ಆಗಿನ ಇಂಗ್ಲಿಷ್ ಆರ್ಗನ್‌ಗಳಲ್ಲಿ ಪೆಡಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಳೇ ಕಾಲದ ಆರ್ಗನಿಸ್ಟ್‌ಗಳಿಗೆ ಅದರ ಅಭ್ಯಾಸವೂ ಇರಲಿಲ್ಲ. ವೆಸ್ಲಿ ಈ ಕೃತಿಯನ್ನು 1833ರಲ್ಲಿ ಚರ್ಚ್ ಸಂಗೀತಕ್ಕೆ ಕೊಡುವ ಗ್ರೆಶಮ್ ಬಹುಮಾನದ ಸ್ಪರ್ಧೆಗೆ ಕಳಿಸಿದ. ತೀರ್ಪುಗಾರರಲ್ಲಿ ಒಬ್ಬನಾದ ಆರ್. ಜೆ. ಎಸ್. ಸ್ಟೀವನ್ಸ್ 'ಜಾಣತನದ ಕೆಲಸ, ಆದರೆ ಕೆಥೆಡ್ರಲ್ ಸಂಗೀತ ಅಲ್ಲ' ಎಂದು ಷರಾ ಬರೆದ. ಬಹುಮಾನ ಸಿಗಲಿಲ್ಲ. ಆ ಸ್ಟೀವನ್ಸ್ ಹೆಸರು ಇಂದು ಯಾರಾದರೂ ಹೇಳುತ್ತಾರೆ ಎಂದರೆ ಹೆಚ್ಚಾಗಿ ಈ ಷರಾಕ್ಕಾಗಿಯೇ.

ಹೆರೆಫರ್ಡ್‌ನ ಡೀನ್ ಜಾನ್ ಮೆರಿವೆದರ್. ಅವನ ತಂಗಿ ಮೇರಿ ಆನ್‌ಳನ್ನು ವೆಸ್ಲಿ 1835ರಲ್ಲಿ ಮದುವೆಯಾದ. ಅದೇ ವರ್ಷ ಎಕ್ಸೆಟರ್‌ಗೆ ಹೊರಟ. ಎಕ್ಸೆಟರ್ ವರ್ಷಗಳಲ್ಲಿ ಡೀನ್ ಮತ್ತು ಚಾಪ್ಟರ್ ಜೊತೆ ಸಂಬಂಧ ಕೆಡುತ್ತಾ ಹೋಯಿತು. ಚಾಪ್ಟರ್ ಅಂದರೆ ಕೆಥೆಡ್ರಲ್ ನಡೆಸುವ ಹಿರಿಯ ಪಾದ್ರಿಗಳ ಮಂಡಳಿ. ಆರ್ಗನಿಸ್ಟ್ ಅವರ ಲೆಕ್ಕದಲ್ಲಿ ಒಬ್ಬ ನೌಕರ, ಅಷ್ಟೇ. ಯಾವ ಹಾಡು, ಎಷ್ಟು ಹಾಡುಗಾರರು, ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನೆಲ್ಲ ಸಂಗೀತ ಓದದವರು ತೀರ್ಮಾನಿಸುತ್ತಿದ್ದರು. ಹಾಡುಗಾರರಿಗೆ ಒಮ್ಮೆ ಹುದ್ದೆ ಸಿಕ್ಕರೆ ಸಾಯುವ ತನಕ. ದನಿ ಒಡೆದರೂ ಕಿವಿ ಮಂದವಾದರೂ ತೆಗೆಯುವ ಹಾಗಿಲ್ಲ. ಅದರ ಮೇಲೆ 1840ರ ಒಂದು ಕಾನೂನು ಕೆಥೆಡ್ರಲ್‌ಗಳ ಆದಾಯಕ್ಕೆ ಕತ್ತರಿ ಹಾಕಿತು. ಇದ್ದಬದ್ದ ಹಣವೂ ಕೈ ತಪ್ಪಿತು. 'ವಾಷ್ ಮಿ ತ್ರೋಲಿ' ಎಂಬ ಪುಟ್ಟ ಆಂಥಮ್ ಇದೇ ದಿನಗಳದ್ದು. ನಾಲ್ಕೈದು ನಿಮಿಷದ್ದು, ಆದರೆ ನೋವಿನ ಹಿಡಿತ ದೊಡ್ಡದು. ಎಕ್ಸೆಟರ್‌ನಲ್ಲಿ ವೆಸ್ಲಿ ದಂಪತಿಗಳ ಹೆಣ್ಣುಕೂಸು ತೀರಿಕೊಂಡಿತು.

ಲೀಡ್ಸ್‌ಗೆ ಹೋದದ್ದು ವಿಚಿತ್ರ ನಿರ್ಧಾರ. ಅದು ಕೆಥೆಡ್ರಲ್ ಅಲ್ಲವೇ ಅಲ್ಲ, ಉಣ್ಣೆಗಿರಣಿಗಳ ಊರಿನ ಪ್ಯಾರಿಷ್ ಚರ್ಚ್, ಅಂದರೆ ಊರವರ ಸಾಮಾನ್ಯ ಚರ್ಚ್. ಆದರೆ ಅಲ್ಲಿನ ವಿಕಾರ್ (ಚರ್ಚಿನ ಪಾದ್ರಿ) ವಾಲ್ಟರ್ ಫಾರ್ಕರ್ ಹುಕ್ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿಸಿ, ಕೆಥೆಡ್ರಲ್ ಮಾದರಿಯ ಕ್ವಾಯರ್ ನಿಲ್ಲಿಸಿದ್ದ. ವೆಸ್ಲಿಗೆ ವರ್ಷಕ್ಕೆ 200 ಪೌಂಡ್, ಹತ್ತು ವರ್ಷಗಳ ಖಾತ್ರಿ. ತಮಾಷೆ ಎಂದರೆ ಹುಕ್‌ಗೆ ಸಂಗೀತದ ಕಿವಿಯೇ ಇರಲಿಲ್ಲ ಎನ್ನುತ್ತಾರೆ. ಸಂಗೀತ ಗೊತ್ತಿದ್ದ ಪಾದ್ರಿಗಳಿಗಿಂತ ಸಂಗೀತಗಾರನಿಗೆ ಇವನೇ ಜಾಸ್ತಿ ಅನುಕೂಲ ಮಾಡಿಕೊಟ್ಟ.

ವೆಸ್ಲಿಗೆ ಸಂಗೀತ ಬಿಟ್ಟರೆ ಇನ್ನೊಂದು ಹುಚ್ಚು ಗಾಳ ಹಾಕಿ ಮೀನು ಹಿಡಿಯುವುದು. ಒಳ್ಳೆಯ ನದಿ ಹತ್ತಿರ ಇದೆ ಎಂದೇ ಕೆಲವು ಊರುಗಳನ್ನು ಆರಿಸಿಕೊಂಡ ಎಂದು ಆಡಿಕೊಳ್ಳುವವರೂ ಇದ್ದರು. 1847ರ ಡಿಸೆಂಬರ್‌ನಲ್ಲಿ ಯಾರ್ಕ್‌ಶೈರ್‌ನ ಹೆಲ್ಮ್ಸ್‌ಲಿ ಹತ್ತಿರ ರೈ ನದಿಯಲ್ಲಿ ಮೀನು ಹಿಡಿಯಲು ಹೋದವನು ಬಿದ್ದು ಕಾಲು ಮುರಿದುಕೊಂಡ. ಕೆಟ್ಟ ಪೆಟ್ಟು. ತಿಂಗಳುಗಟ್ಟಲೆ ಮಲಗಿದಲ್ಲೇ ಇರಬೇಕಾಯಿತು. ಪೆಡಲ್ ವಾದನಕ್ಕೇ ಹೆಸರಾದವನಿಗೆ ಕಾಲು ಮುರಿದರೆ ಹೇಗಾಗಿರಬೇಡ!

ಮಲಗಿದ್ದಾಗ ಬರೆದ ಆಂಥಮ್ 'ಕಾಸ್ಟ್ ಮಿ ನಾಟ್ ಅವೇ'. ಮಾತುಗಳು 51ನೇ ಕೀರ್ತನೆಯವು, 'ವಾಷ್ ಮಿ ತ್ರೋಲಿ'ಗೆ ತೆಗೆದುಕೊಂಡದ್ದೂ ಅದೇ ಕೀರ್ತನೆಯಿಂದ. ಈ ಸಲ ಅದರಲ್ಲಿ 'ನೀನು ಮುರಿದ ಎಲುಬುಗಳು ಆನಂದಿಸಲಿ' ಎಂಬ ಸಾಲನ್ನು ಬಿಡದೆ ಸೇರಿಸಿಕೊಂಡಿದ್ದಾನೆ. ಆರು ದನಿಗಳ ಬರವಣಿಗೆ. ಆ ಎಲುಬಿನ ಸಾಲು ಬಂದಾಗ ಸ್ವರಕ್ಕೆ ಸ್ವರ ತಾಗಿ ನಿಜವಾಗಿಯೂ ಲಟಲಟ ಅನ್ನುವ ಹಾಗೆ ಅಪಸ್ವರದ ಮೇಲೆ ಅಪಸ್ವರ ಇಟ್ಟಿದ್ದಾನೆ. ಇಂಥ ಒಣ ತಮಾಷೆ ಅವನಿಗೆ ಇತ್ತು ಎನ್ನುವುದನ್ನು 'ಕೋಪಿಷ್ಠ ವೆಸ್ಲಿ' ಕತೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಲೀಡ್ಸ್ ಬಿಡುವ ಹೊತ್ತಿಗೆ, 1849ರಲ್ಲಿ, ಕೆಥೆಡ್ರಲ್ ಸಂಗೀತದ ಸ್ಥಿತಿಯ ಬಗ್ಗೆ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಬೈಗುಳ ಬೇಕಾದಷ್ಟಿದೆ, ಆದರೆ ಬೈಗುಳದ ಅಡಿಯಲ್ಲಿ ಸರಳ ಲೆಕ್ಕವೂ ಇದೆ. ಕೆಥೆಡ್ರಲ್ ಕ್ವಾಯರ್ ಎರಡು ಸಾಲಾಗಿ ಎದುರುಬದುರು ನಿಲ್ಲುತ್ತದೆ, ಹಾಡು ಆ ಕಡೆಯಿಂದ ಈ ಕಡೆಗೆ ಹಾಯುತ್ತದೆ. ಗಂಡಸರ ದನಿಗಳು ಮೇಲಿನಿಂದ ಕೆಳಕ್ಕೆ ಮೂರು ಬಗೆ: ಆಲ್ಟೋ, ಟೆನರ್, ಬಾಸ್. ಒಂಟಿಯಾಗಿ ಹಾಡುವ ಭಾಗಗಳಿಗೆ ಒಂದೊಂದಕ್ಕೆ ಒಬ್ಬರಂತೆ ಮೂರು ಜನ. ಎಲ್ಲರೂ ಸೇರಿ ಹಾಡುವಾಗ ಅವರಿಗೆ ಜೊತೆಗೂಡಲು ಇನ್ನೂ ಮೂವರು. ಒಂದು ಕಡೆಗೆ ಆರು, ಎರಡು ಕಡೆ ಸೇರಿ ಹನ್ನೆರಡು. ಇದಕ್ಕಿಂತ ಕಡಿಮೆ ಜನರಿಂದ ಕೆಲಸ ನಡೆಯುವುದಿಲ್ಲ ಎಂದು ಬರೆದ. ಸಂಗೀತದ ಆಡಳಿತ ಸಂಗೀತ ಬಲ್ಲವರ ಕೈಗೆ ಬರಬೇಕು ಎಂದೂ ಹೇಳಿದ. ಕೇಳಿದ್ದು ಇಷ್ಟೇ. ಇಂದು ಯಾವ ಕೆಥೆಡ್ರಲ್‌ನವರೂ ಇದನ್ನು ಅತಿಯಾಸೆ ಎನ್ನುವುದಿಲ್ಲ. ಗ್ಲಾಸ್ಟರ್‌ನಲ್ಲಿ ನೀವು ಕಂಡ ಶಿಸ್ತಿನ ಕ್ವಾಯರ್ 1849ರ ಇಂಗ್ಲೆಂಡಿನಲ್ಲಿ ಬಹುಪಾಲು ಎಲ್ಲೂ ಇರಲಿಲ್ಲ.

ಹಾಗಂತ ವೆಸ್ಲಿ ತಾನು ಸರಿಯಾಗಿದ್ದನೇ? ವಿಂಚೆಸ್ಟರ್‌ನಲ್ಲಿ 16 ವರ್ಷ ಇದ್ದ. ಅಲ್ಲಿ ಎಷ್ಟೋ ಆರಾಧನೆಗಳಿಗೆ ಸ್ವತಃ ಬರದೆ ಶಿಷ್ಯರನ್ನು ಕೂರಿಸಿ ಹೋಗುತ್ತಿದ್ದ. ಹಾಡುಗಾರರು ಬರುವುದಿಲ್ಲ ಎಂದು ಪುಸ್ತಕ ಬರೆದವನೇ ಗೈರುಹಾಜರಿ! ಚಾಪ್ಟರ್‌ನವರು ಗದರಿಸಿದರೆ ಅವರ ತಪ್ಪೇನಿಲ್ಲ. ಈ ಲೆಕ್ಕದಲ್ಲಿ ನಾನು ಪಾದ್ರಿಗಳ ಪಕ್ಷ.

ಆದರೆ ಅದೇ ವಿಂಚೆಸ್ಟರ್ ಕಾಲದಲ್ಲಿ ಅವನು ಬಿಟ್ಟುಹೋದ ಒಂದು ವಸ್ತುವಿನ ಮೇಲೆ ಇಂದಿಗೂ ಸಾವಿರಾರು ಜನ ದಿನಾ ಕಾಲಿಡುತ್ತಾರೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಹೆನ್ರಿ ವಿಲ್ಲಿಸ್ ಎಂಬ ಯುವಕ ಸುಮಾರು 70 ಸ್ಟಾಪ್‌ಗಳ ದೈತ್ಯ ಆರ್ಗನ್ ಇಟ್ಟಿದ್ದ. ಸ್ಟಾಪ್ ಅಂದರೆ ಒಂದು ಬಗೆಯ ದನಿಯ ಕೊಳವೆಗಳ ಸಾಲನ್ನು ತೆರೆಯುವ ಗುಂಡಿ. ವೆಸ್ಲಿಯ ಒತ್ತಾಯದಿಂದ ವಿಂಚೆಸ್ಟರ್‌ನವರು ಅದನ್ನು ಕೊಂಡರು. ಅದನ್ನು ಸ್ವಲ್ಪ ಕಿರಿದು ಮಾಡಿ 1854ರಲ್ಲಿ ನಿಲ್ಲಿಸಿದರು. ವಿಲ್ಲಿಸ್ ಮತ್ತು ವೆಸ್ಲಿ ಸೇರಿ ಪೆಡಲ್ ಹಲಗೆಯ ಆಕಾರವನ್ನೇ ಬದಲಿಸಿದರು. ಹಿಂದೆ ಪೆಡಲ್‌ಗಳು ನೆಟ್ಟಗೆ, ಸಮತಟ್ಟಾಗಿ ಇರುತ್ತಿದ್ದವು. ತುದಿಯ ಪೆಡಲ್ ಮುಟ್ಟಲು ಕೂತಲ್ಲಿಂದ ಜರುಗಬೇಕು. ಇವರು ಹಲಗೆಯನ್ನು ನಡುವೆ ತಗ್ಗಾಗಿ, ಎರಡು ತುದಿ ಎತ್ತರವಾಗಿ ಬಾಗಿಸಿದರು. ಪೆಡಲ್‌ಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡವು. ಕಾಲು ಸಹಜವಾಗಿ ತಿರುಗುವ ದಾರಿಯಲ್ಲೇ ಪೆಡಲ್ ಸಿಗುತ್ತದೆ. ಬ್ರಿಟನ್ ಮತ್ತು ಅಮೆರಿಕದ ಆರ್ಗನ್‌ಗಳಲ್ಲಿ ಈಗ ಇದೇ ವಾಡಿಕೆ.

ಇಷ್ಟು ಹೊಸತನ ಇದ್ದವನು ಶ್ರುತಿಯ ವಿಷಯದಲ್ಲಿ ಮಾತ್ರ ಹಳೇ ಕಾಲದವನು. ಹನ್ನೆರಡು ಸ್ವರಗಳ ನಡುವಿನ ಅಂತರ ಸಮ ಮಾಡುವ ಹೊಸ ಪದ್ಧತಿ ಅವನಿಗೆ ಆಗುತ್ತಿರಲಿಲ್ಲ. ಹಾರ್ಮೋನಿಯಂ ಶ್ರುತಿಯ ಬಗ್ಗೆ ನಮ್ಮ ಸಂಗೀತಗಾರರು ಎತ್ತಿದ ತಕರಾರನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಅವನ ಸಲಹೆಯಂತೆ ಲಿವರ್‌ಪೂಲ್‌ನ ಸೇಂಟ್ ಜಾರ್ಜ್ಸ್ ಹಾಲ್‌ನ ಹೊಸ ಆರ್ಗನ್ 1855ರಲ್ಲಿ ಹಳೇ ಶ್ರುತಿಯಲ್ಲೇ ಸಿದ್ಧವಾಯಿತು. ಹನ್ನೆರಡು ವರ್ಷಕ್ಕೆ ಅದನ್ನು ಬದಲಾಯಿಸಬೇಕಾಯಿತು. ಹಳೇ ಶ್ರುತಿಯಲ್ಲಿ ಆಧಾರ ಸ್ವರವನ್ನು ದೂರ ಸರಿಸಿದರೆ ಆರ್ಗನ್ ಊಳಿಡುತ್ತದೆ. ಆಧಾರ ಸ್ವರವನ್ನು ಹಾಗೆ ದೂರ ಸರಿಸುವುದರಲ್ಲಿ ವೆಸ್ಲಿಯಷ್ಟು ಆಸೆ ಇದ್ದವರು ಆಗ ಇಂಗ್ಲೆಂಡಿನಲ್ಲಿ ಇರಲಿಲ್ಲ. ಇದು ಹೇಗೆ ಒಂದೇ ತಲೆಯಲ್ಲಿ ಕೂಡಿತ್ತೋ!

ಗ್ಲಾಸ್ಟರ್‌ಗೆ ಬಂದದ್ದರ ಹಿಂದೆಯೂ ಒಂದು ಕತೆ ಇದೆ. ಅಲ್ಲಿ ಆರ್ಗನಿಸ್ಟ್ ಹುದ್ದೆ ಖಾಲಿಯಾದಾಗ ಯಾರನ್ನು ತೆಗೆದುಕೊಳ್ಳಬೇಕು ಎಂದು ವೆಸ್ಲಿಯ ಸಲಹೆ ಕೇಳಿದರಂತೆ. ಅವನು ಎಲ್ಲ ನೋಡಿ, ನಾನೇ ಬರುತ್ತೇನೆ ಎಂದನಂತೆ. ಡೀನ್ ತಬ್ಬಿಬ್ಬು. ಆಗ ಅವನಿಗೆ 54 ವರ್ಷ.

ಗ್ಲಾಸ್ಟರ್, ವೂಸ್ಟರ್, ಹೆರೆಫರ್ಡ್ ಮೂರೂ ಕಡೆ ಸರದಿಯಂತೆ ನಡೆಯುವ ತ್ರೀ ಕ್ವಾಯರ್ಸ್ ಉತ್ಸವ ಗ್ಲಾಸ್ಟರ್‌ಗೆ ಬಂದಾಗ ಅದನ್ನು ನಡೆಸುವುದು ಅಲ್ಲಿನ ಆರ್ಗನಿಸ್ಟ್‌ನ ಕೆಲಸ. 1871ರಲ್ಲಿ ವೆಸ್ಲಿ ಅಲ್ಲಿ ಯೇಸುವಿನ ಯಾತನೆಯ ಕತೆ ಹಾಡುವ ಬಾಖ್‌ನ ದೊಡ್ಡ ಕೃತಿ ಸೇಂಟ್ ಮ್ಯಾಥ್ಯೂ ಪ್ಯಾಶನ್ ಮಾಡಿಸಿದ. ಅಪ್ಪ ಇದ್ದಿದ್ದರೆ ಖುಷಿಪಡುತ್ತಿದ್ದ. 1875ರಲ್ಲಿ ವೂಸ್ಟರ್‌ನವರು ವಾದ್ಯವೃಂದ, ಹೆಸರಾಂತ ಗಾಯಕರು ಯಾರೂ ಬೇಡ ಎಂದು ಉತ್ಸವವನ್ನು ಬರೀ ಕ್ವಾಯರ್ ಮತ್ತು ಆರ್ಗನ್‌ಗೆ ಇಳಿಸಿದರು. ಊರಿನವರು ಅದನ್ನು ಅಣಕದ ಉತ್ಸವ ಎಂದೇ ಕರೆದರು. ಆಗ ಮುದುಕ ವೆಸ್ಲಿ ನುಡಿಸಿದ್ದನ್ನು ಕೇಳಿದವರಲ್ಲಿ ಮುಂದೆ ಇಂಗ್ಲೆಂಡಿನ ದೊಡ್ಡ ಸಂಗೀತ ರಚನಕಾರನಾದ, ಆಗ 18 ವರ್ಷದ ಹುಡುಗ ಎಡ್ವರ್ಡ್ ಎಲ್ಗರ್ ಒಬ್ಬ.

ಇನ್ನು ಗೌರವದ ವಿಷಯ. 1873ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಎರಡರಲ್ಲಿ ಒಂದು ಆರಿಸಿಕೊ ಎಂದ: ಸರ್ ಪದವಿ, ಇಲ್ಲವೇ ವರ್ಷಕ್ಕೆ 100 ಪೌಂಡ್ ಪಿಂಚಣಿ. ವೆಸ್ಲಿ ಪಿಂಚಣಿ ತೆಗೆದುಕೊಂಡ. ಬಡತನವೇ ಇರಲಿಕ್ಕಿಲ್ಲ, ಆದರೆ ನಾಲ್ಕು ದಶಕ ಸಂಬಳಕ್ಕಾಗಿ ಹೊಡೆದಾಡಿದವನು ಬೇರೇನು ಆರಿಸುತ್ತಾನೆ, ಅಲ್ವಾ? ತೀರಿಕೊಂಡಾಗ ಅವನ ಇಚ್ಛೆಯಂತೆ ಎಕ್ಸೆಟರ್‌ನಲ್ಲಿ, ಆ ಮಗುವಿನ ಪಕ್ಕದಲ್ಲಿ ಮಣ್ಣು ಮಾಡಿದರು.

ಇವನ ಒಂದು ರಾಗ ನಿಮಗೆ ಮೊದಲೇ ಗೊತ್ತಿರಬಹುದು. 'ಆರೀಲಿಯಾ' ಎಂದು ಅದರ ಹೆಸರು, 1864ರದ್ದು. 'ದ ಚರ್ಚಸ್ ಒನ್ ಫೌಂಡೇಶನ್' ಎಂಬ ಸ್ತುತಿಗೀತೆಯನ್ನು ಹಾಡುವುದು ಈ ರಾಗದಲ್ಲೇ. ಬೆಂಗಳೂರಿನ ಸಿಎಸ್‌ಐ ಚರ್ಚುಗಳ ಇಂಗ್ಲಿಷ್ ಆರಾಧನೆಗೆ ಹೋಗುವವರಿಗೆ ಇದು ಬಾಯಿಪಾಠ. ಆ ಕಾಲದ ಇನ್ನೊಬ್ಬ ಆರ್ಗನಿಸ್ಟ್ ಗಾಂಟ್ಲೆಟ್ ಇದನ್ನು ಕಲೆ ಇಲ್ಲದ ಹರಟೆ ಎಂದು ಹೀಗಳೆದ. ರಾಗ ಮಾತ್ರ ಪ್ರಪಂಚ ಸುತ್ತಿತು. 1872ರಲ್ಲಿ ವೆಸ್ಲಿ 700ಕ್ಕೂ ಹೆಚ್ಚು ರಾಗಗಳ ಭಾರೀ ಸಂಗ್ರಹ ತಂದ, ಅದು ಯಾರಿಗೂ ಬೇಕಾಗಲಿಲ್ಲ.

ಕೇಳಲು ಶುರು ಮಾಡುವುದಾದರೆ 'ಬ್ಲೆಸ್ಡ್ ಬಿ ದ ಗಾಡ್ ಅಂಡ್ ಫಾದರ್'ನಿಂದಲೇ ಮಾಡಿ. ಸ್ಪೀಕರ್ ಸದ್ದು ಜಾಸ್ತಿ ಇಡಬೇಡಿ, ಆ ಕಾರ್ಡ್ ಬರುತ್ತದೆ. ಆಮೇಲೆ 'ವಾಷ್ ಮಿ ತ್ರೋಲಿ', ಅದರ ಬೆನ್ನಿಗೇ 'ದೌ ವಿಲ್ಟ್ ಕೀಪ್ ಹಿಮ್ ಇನ್ ಪರ್ಫೆಕ್ಟ್ ಪೀಸ್'. ಇದು ಐದು ದನಿಗಳ ಶಾಂತವಾದ ಕೃತಿ, ಇಂದಿಗೂ ಕ್ವಾಯರ್‌ಗಳು ಬಹಳ ಹಾಡುವಂಥದ್ದು. ಹಾಡಿಲ್ಲದೆ ಬರೀ ಆರ್ಗನ್ ಬೇಕಿದ್ದರೆ 'ಕೋರಲ್ ಸಾಂಗ್ ಅಂಡ್ ಫ್ಯೂಗ್'. 'ದ ವಿಲ್ಡರ್ನೆಸ್' ಕೊನೆಗೆ ಇಟ್ಟುಕೊಳ್ಳಿ, ಅದಕ್ಕೆ ತಾಳ್ಮೆ ಬೇಕು. ಆದರೆ ದುಃಖವೂ ನಿಟ್ಟುಸಿರೂ ಓಡಿಹೋಗುವ ಕೊನೆಯ ಪುಟಗಳಿಗೆ ತಲುಪಿದರೆ ಬರೆದಾಗ ಅವನಿಗೆ 22 ವರ್ಷ ಎನ್ನುವುದನ್ನು ನಂಬುವುದು ಕಷ್ಟವಾಗುತ್ತದೆ.

ಮತ್ತೆ ಗ್ಲಾಸ್ಟರ್‌ಗೆ ಹೋದಾಗ ಕೆಥೆಡ್ರಲ್‌ನವರು ಪ್ರಕಟಿಸುವ ಸಂಗೀತದ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಅದರಲ್ಲಿ ಹೆಸರಿನ ಹಿಂದೆ 'ಎಸ್. ಎಸ್.' ಇದೆಯೇ ಎಂದು ಗಮನಿಸಿ. ಬರೀ 'ಎಸ್. ವೆಸ್ಲಿ' ಎಂದಿದ್ದರೆ ಅದು ಅಪ್ಪ. ಅವನ ಲ್ಯಾಟಿನ್ ಕೃತಿಗಳೂ ಚೆನ್ನಾಗಿವೆ, ಆದರೆ ನೀವು ಹುಡುಕುತ್ತಿರುವವನು ಅವನಲ್ಲ.